ಅಂಗಡಿ ಫ್ರಿಜ್‌ನ ಸ್ಟಾರ್ ಲೇಬಲ್: ಬೆಂಗಳೂರಿನ ವ್ಯಾಪಾರಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಬೇಕರಿ, ಹಾಲಿನ ಬೂತ್, ಜ್ಯೂಸ್ ಸೆಂಟರ್, ದರ್ಶಿನಿ, ಮಾಂಸದಂಗಡಿ, ಬೀದಿ ಮೂಲೆಯ ಪ್ರಾವಿಷನ್ ಸ್ಟೋರ್ ನಡೆಸುವವರಿಗಾಗಿ ಬರೆದದ್ದು ಇದು. ಮನೆ ಫ್ರಿಜ್ ಕೊಳ್ಳುವವರಿಗೆ ಹೇಳಿಕೊಡಲು ಬೇಕಾದಷ್ಟು ಜನ ಇದ್ದಾರೆ. ಹಗಲು ರಾತ್ರಿ ಓಡುವ ಅಂಗಡಿ ಫ್ರಿಜ್ ಬಗ್ಗೆ ಮಾತ್ರ ಷೋರೂಮಿನವರು ಹೇಳಿದ್ದೇ ವೇದವಾಕ್ಯ.

ಸ್ಟಾರ್ ಲೇಬಲ್ ಕೊಡುವವರು ಯಾರು? ಕಂಪನಿಯವರೇ ಅಂಟಿಸಿಕೊಳ್ಳುತ್ತಾರಾ?

ಅಂಟಿಸುವುದು ಕಂಪನಿಯೇ. ಆದರೆ ಮನಸ್ಸಿಗೆ ಬಂದಷ್ಟು ನಕ್ಷತ್ರ ಅಂಟಿಸಿಕೊಳ್ಳುವ ಹಾಗಿಲ್ಲ. ಕೇಂದ್ರ ಇಂಧನ ಸಚಿವಾಲಯದ ಕೆಳಗೆ ಬ್ಯೂರೋ ಆಫ್ ಎನರ್ಜಿ ಎಫಿಶಿಯನ್ಸಿ ಎಂಬ ಸಂಸ್ಥೆ ಇದೆ, ಎಲ್ಲರ ಬಾಯಲ್ಲೂ ಅದು ಬಿಇಇ. 2001ರ ಇಂಧನ ಸಂರಕ್ಷಣಾ ಕಾಯ್ದೆಯಡಿ 2002ರ ಮಾರ್ಚ್ 1ರಂದು ಹುಟ್ಟಿತು. 2006ರಲ್ಲಿ ಸ್ಟಾರ್ ಲೇಬಲ್ ಯೋಜನೆ ಶುರುಮಾಡಿತು. ತಯಾರಕರು ಪ್ರತಿ ಮಾಡೆಲನ್ನೂ ಮಾನ್ಯತೆ ಪಡೆದ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ, ವರದಿ ಕೊಟ್ಟು, ಬಿಇಇಯಲ್ಲಿ ನೋಂದಾಯಿಸಬೇಕು. ಆಮೇಲೆ ಬಿಇಇ ತಾನಾಗಿಯೇ ಮಾರುಕಟ್ಟೆಯಿಂದ ಯಂತ್ರ ಎತ್ತಿಕೊಂಡು ಹೋಗಿ ಮರುಪರೀಕ್ಷೆ ಮಾಡಿಸುವುದೂ ಉಂಟು.

ನಮ್ಮ ಅಂಗಡಿಯಲ್ಲಿರುವ ಯಾವ ಯಂತ್ರಕ್ಕೆ ಲೇಬಲ್ ಇರಬೇಕು?

ಡೀಪ್ ಫ್ರೀಜರ್‌ಗೆ ಇರಬೇಕು. ಐಸ್‌ಕ್ರೀಮ್, ಫ್ರೋಜನ್ ಬಟಾಣಿ, ಕೋಳಿ, ಮೀನು ಇಡುವ, ಮೇಲಿನಿಂದ ಮುಚ್ಚಳ ತೆಗೆಯುವ ಪೆಟ್ಟಿಗೆ ಅದು. ಇದಕ್ಕೆ 2020ರ ಮಾರ್ಚ್‌ನಲ್ಲಿ ಲೇಬಲ್ ಬಂದಾಗ ಕಂಪನಿಗೆ ಇಷ್ಟವಿದ್ದರೆ ಹಾಕಬಹುದು ಎಂಬ ಲೆಕ್ಕವಿತ್ತು. 2026ರ ಜನವರಿ 1ರಿಂದ ಡೀಪ್ ಫ್ರೀಜರ್ ಕಡ್ಡಾಯದ ಪಟ್ಟಿಗೆ ಸೇರಿದೆ. ಹೊಸದಾಗಿ ಕೊಳ್ಳುವಾಗ ಲೇಬಲ್ ಕಾಣಲಿಲ್ಲ ಅಂದರೆ ತಯಾರಾದ ತಿಂಗಳು, ವರ್ಷ ಕೇಳಿ. ಗೋಡೌನಿನಲ್ಲಿ ಕೂತಿದ್ದ ಹಳೇ ಮಾಲನ್ನು ಹೊಸದರ ರೇಟಿಗೆ ತಳ್ಳುತ್ತಿರಬಹುದು.

ಗಾಜಿನ ಬಾಗಿಲಿನ ನಿಂತ ಕೂಲರ್, ಅಂದರೆ ವಿಸಿ ಕೂಲರ್, ಬೇಕರಿಯ ಕೇಕ್ ಡಿಸ್‌ಪ್ಲೇ, ಸೂಪರ್ ಮಾರ್ಕೆಟ್ಟಿನ ತೆರೆದ ರ‍್ಯಾಕು, ಹೋಟೆಲ್ ಅಡುಗೆಮನೆಯ ಸ್ಟೀಲ್ ಕೌಂಟರ್ ಫ್ರಿಜ್, ಕೋಲ್ಡ್ ರೂಮ್ – ಇವುಗಳಲ್ಲಿ ಹೆಚ್ಚಿನವು ಲೇಬಲ್ಲಿಲ್ಲದೆಯೇ ಮಾರಾಟವಾಗುತ್ತವೆ. ಲೇಬಲ್ ಇಲ್ಲ ಅಂದ ಮಾತ್ರಕ್ಕೆ ಯಂತ್ರ ಕೆಟ್ಟದ್ದು ಅಂತಲ್ಲ. ಆದರೆ ಅದು ದಿನಕ್ಕೆ ಎಷ್ಟು ಯೂನಿಟ್ ತಿನ್ನುತ್ತದೆ ಎಂಬುದನ್ನು ನೀವೇ ಬಾಯಿಬಿಟ್ಟು ಕೇಳಬೇಕು. ಪಾನೀಯದ ಕೂಲರ್‌ಗೆ ಐಎಸ್‌ಒ 22044, ಸೂಪರ್ ಮಾರ್ಕೆಟ್ ಡಿಸ್‌ಪ್ಲೇಗೆ ಐಎಸ್‌ಒ 23953 ಎಂಬ ಪರೀಕ್ಷಾ ವಿಧಾನಗಳಿವೆ. “ಸಾರ್, 24 ಗಂಟೆಗೆ ಎಷ್ಟು ಯೂನಿಟ್? ಟೆಸ್ಟ್ ರಿಪೋರ್ಟ್ ಕಳಿಸಿ” ಅಂತ ವಾಟ್ಸಾಪ್ ಮಾಡಿ. ಒಳ್ಳೆ ಕಂಪನಿಯವರ ಹತ್ತಿರ ಆ ಹಾಳೆ ಇದ್ದೇ ಇರುತ್ತದೆ. ಇಲ್ಲದವರು ಕಂಪ್ರೆಸರ್ ಬ್ರ್ಯಾಂಡಿನ ಹೆಸರು ಹೇಳಿ ಮಾತು ತೇಲಿಸುತ್ತಾರೆ.

ಲೇಬಲ್‌ನಲ್ಲಿ ಮೊದಲು ಏನು ನೋಡಬೇಕು?

ನಕ್ಷತ್ರ ಎಣಿಸುವ ಮೊದಲು ವರ್ಷಕ್ಕೆ ಎಷ್ಟು ಯೂನಿಟ್ ಎಂಬ ಅಂಕಿ ಓದಿ. ಈ ಇಡೀ ಪುಟದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುತ್ತೀರಾದರೆ ಅದು ಇದೇ ಇರಲಿ.

ಕಾರಣ ಇಷ್ಟೆ. ನಕ್ಷತ್ರ ಕೊಡುವುದು ಯಂತ್ರದ ಅಳತೆಗೆ ತಕ್ಕಂತೆ. 500 ಲೀಟರಿನ ಐದು ಸ್ಟಾರ್ ಫ್ರೀಜರ್, 200 ಲೀಟರಿನ ಮೂರು ಸ್ಟಾರ್ ಫ್ರೀಜರ್‌ಗಿಂತ ಜಾಸ್ತಿ ಕರೆಂಟ್ ಎಳೆಯಬಹುದು. ತನ್ನ ಗಾತ್ರದ ಯಂತ್ರಗಳ ಸಾಲಿನಲ್ಲಿ ಅದು ಜಾಣ, ಅಷ್ಟೇ ನಕ್ಷತ್ರದ ಅರ್ಥ. ನಿಮಗೆ ಬೇಕಿದ್ದದ್ದು 200 ಲೀಟರ್ ಆಗಿದ್ದರೆ, “ಇದು ಫೈವ್ ಸ್ಟಾರ್, ಕರೆಂಟೇ ಬರಲ್ಲ” ಎಂಬ ಮಾತಿಗೆ ದೊಡ್ಡದು ತಂದರೆ ಬಿಲ್ ಏರುವುದು ಖಂಡಿತ. ಮೀಟರ್‌ಗೆ ನಕ್ಷತ್ರ ಕಾಣುವುದಿಲ್ಲ.

ಎರಡನೆಯದು ಮುಚ್ಚಳ. ಗ್ಲಾಸ್ ಟಾಪ್ ಮತ್ತು ಹಾರ್ಡ್ ಟಾಪ್ ಎರಡೂ ಬೇರೆ ಬೇರೆ ಜಾತಿ. ಗಾಜಿನ ಮೂಲಕ ಬಿಸಿ ಒಳಗಿಳಿಯುವಷ್ಟು ದಪ್ಪ ಪಫ್ (ಬಿಸಿ ತಡೆಯುವ ನೊರೆ) ತುಂಬಿದ ಮುಚ್ಚಳದ ಮೂಲಕ ಇಳಿಯದು. ಗಿರಾಕಿಗೆ ಐಸ್‌ಕ್ರೀಮ್ ಕಾಣಬೇಕು ಅಂದರೆ ಗ್ಲಾಸ್ ಟಾಪೇ ಬೇಕು, ಬೇರೆ ದಾರಿಯಿಲ್ಲ. ಆದರೆ ಹೋಟೆಲಿನ ಹಿಂಭಾಗದಲ್ಲಿ ಬಟಾಣಿ, ಪನೀರ್ ಇಡುವ ಫ್ರೀಜರ್‌ಗೆ ಗಾಜು ಯಾಕೆ? ಅಲ್ಲಿ ಇಣುಕಿ ನೋಡುವವನು ನಿಮ್ಮ ಅಡುಗೆ ಭಟ್ಟ ಒಬ್ಬನೇ.

ಮೂರನೆಯದು ಲೇಬಲ್ಲಿನ ವರ್ಷ. ಬಿಇಇ ಆಗಾಗ ನಕ್ಷತ್ರ ಕೊಡುವ ಅಳತೆಯ ಪಟ್ಟಿಯನ್ನು ಬಿಗಿ ಮಾಡುತ್ತದೆ. ಮನೆ ಫ್ರಿಜ್‌ಗಳ ಪಟ್ಟಿ 2023ರ ಜನವರಿಯಲ್ಲಿ ಹಾಗೆ ಬಿಗಿಯಾಯಿತು, ಆಗ ಅದೇ ಮಾಡೆಲ್ ಒಂದು ಸ್ಟಾರ್ ಕಳೆದುಕೊಂಡದ್ದುಂಟು. ಹಾಗಾಗಿ ಹಳೇ ಲೇಬಲ್ಲಿನ ಐದು ಸ್ಟಾರನ್ನು ಹೊಸ ಲೇಬಲ್ಲಿನ ನಾಲ್ಕು ಸ್ಟಾರ್ ಪಕ್ಕ ಇಟ್ಟು “ಐದೇ ದೊಡ್ಡದು” ಅನ್ನುವಂತಿಲ್ಲ. ಯೂನಿಟ್ ಅಂಕಿಗೆ ಈ ರಗಳೆ ಇಲ್ಲ.

ಜಾಸ್ತಿ ಸ್ಟಾರಿನದು ದುಬಾರಿ. ಹಾಕಿದ ದುಡ್ಡು ಎಷ್ಟು ವರ್ಷಕ್ಕೆ ವಾಪಸ್ ಬರುತ್ತದೆ?

ನೀವೇ ಲೆಕ್ಕ ಹಾಕಿ, ಕಷ್ಟವಿಲ್ಲ. ಎರಡು ಲೇಬಲ್ಲಿನ ವಾರ್ಷಿಕ ಯೂನಿಟ್‌ಗಳ ವ್ಯತ್ಯಾಸ ತೆಗೆಯಿರಿ. ನಿಮ್ಮ ಬೆಸ್ಕಾಂ ಬಿಲ್ಲಿನಲ್ಲಿ ಒಂದು ಯೂನಿಟ್ಟಿಗೆ ಎಷ್ಟು ಬೀಳುತ್ತಿದೆ ನೋಡಿ ಗುಣಿಸಿ. ಇಂಧನ ಹೊಂದಾಣಿಕೆ ಶುಲ್ಕ, ತೆರಿಗೆ ಎಲ್ಲವನ್ನೂ ಸೇರಿಸಿ ನೋಡಬೇಕು.

ಉದಾಹರಣೆಗೆ ಒಂದು ಫ್ರೀಜರ್ ವರ್ಷಕ್ಕೆ 1,000 ಯೂನಿಟ್, ಅದೇ ಅಳತೆಯ ಇನ್ನೊಂದು 700 ಯೂನಿಟ್ ಅಂದುಕೊಳ್ಳಿ. ವ್ಯತ್ಯಾಸ 300. ಯೂನಿಟ್ಟಿಗೆ 8 ರೂಪಾಯಿ ಹಿಡಿದರೆ ವರ್ಷಕ್ಕೆ 2,400 ರೂಪಾಯಿ ಉಳಿತಾಯ. ಯಂತ್ರದ ಬೆಲೆಯಲ್ಲಿ 6,000 ವ್ಯತ್ಯಾಸ ಇದ್ದರೆ ಎರಡೂವರೆ ವರ್ಷಕ್ಕೆ ಅಸಲು ಬಂತು. ಫ್ರೀಜರ್ ಎಂಟು ಹತ್ತು ವರ್ಷ ಬಾಳುತ್ತದೆ, ಮುಂದಿನದೆಲ್ಲ ಗಲ್ಲಾಪೆಟ್ಟಿಗೆಗೆ. ಬೆಲೆಯ ವ್ಯತ್ಯಾಸ 20,000 ಇದ್ದರೆ ಮಾತ್ರ ನಾನು ಕೊಳ್ಳಿ ಅನ್ನುವುದಿಲ್ಲ. ಎಲ್ಲ ಸಲವೂ ಜಾಸ್ತಿ ಸ್ಟಾರೇ ಗೆಲ್ಲಬೇಕೆಂದಿಲ್ಲ.

ಕೂಲ್‌ಡ್ರಿಂಕ್ಸ್ ಕಂಪನಿಯವರು ಪುಕ್ಕಟೆ ಕೂಲರ್ ಕೊಡುತ್ತೇವೆ ಅಂತಾರೆ. ತಗೋಬಹುದಾ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಬೆಂಗಳೂರಿನಲ್ಲಿ ಸಣ್ಣ ಅಂಗಡಿಗಳ ಮುಂದೆ ನಿಂತಿರುವ ಬಣ್ಣಬಣ್ಣದ ಕೂಲರ್‌ಗಳಲ್ಲಿ ಎಷ್ಟೋ ಅಂಗಡಿಯವರ ಸ್ವಂತದ್ದಲ್ಲ. ಪಾನೀಯದ ಕಂಪನಿಯದ್ದು, ಇಲ್ಲವೇ ಐಸ್‌ಕ್ರೀಮ್ ಕಂಪನಿಯದ್ದು. ಯಂತ್ರ ಕೊಳ್ಳುವವರು ಅವರು, ಕರೆಂಟ್ ಬಿಲ್ ಕಟ್ಟುವವರು ನೀವು. ಕೊಳ್ಳುವವನಿಗೆ ಬೆಲೆ ಕಮ್ಮಿ ಇರಬೇಕು, ಲೋಗೋ ದೊಡ್ಡದಾಗಿ ಹೊಳೆಯಬೇಕು. ಅದು ಎಷ್ಟು ಯೂನಿಟ್ ಎಳೆದರೂ ಅವನ ಜೇಬಿಗೆ ಬಿಸಿ ತಟ್ಟುವುದಿಲ್ಲ. ಲೇಬಲ್ ಎಂಬುದು ನಿಜವಾಗಿ ಕೆಲಸಕ್ಕೆ ಬರಬೇಕಾದ ಜಾಗ ಇದೇ. ಅಂಗಡಿಯವರು ಅದನ್ನು ಕೇಳದಿರುವ ಜಾಗವೂ ಇದೇ, ಪುಕ್ಕಟೆ ಬಂದದ್ದಕ್ಕೆ ಏನು ಕೇಳುವುದು ಎಂಬ ಸಂಕೋಚ.

ಲೆಕ್ಕ ಹೀಗಿದೆ. ಹಳೆಯ ದೊಡ್ಡ ಕೂಲರ್ ಒಂದು ದಿನಕ್ಕೆ 5 ಯೂನಿಟ್ ತಿನ್ನುತ್ತದೆ ಅಂತಿಟ್ಟುಕೊಳ್ಳಿ. ತಿಂಗಳಿಗೆ 150 ಯೂನಿಟ್, 8 ರೂಪಾಯಿಯಂತೆ 1,200 ರೂಪಾಯಿ, ವರ್ಷಕ್ಕೆ 14,400. ಒಂದು ಬಾಟಲಿಗೆ ನಿಮಗೆ 3 ರೂಪಾಯಿ ಉಳಿಯುವುದಾದರೆ ತಿಂಗಳಲ್ಲಿ ಮೊದಲ 400 ಬಾಟಲಿ ಕರೆಂಟಿಗೇ ಹೋಯಿತು. ಮಾರ್ಚ್, ಏಪ್ರಿಲ್‌ನಲ್ಲಿ ಅಷ್ಟು ಆರಾಮಾಗಿ ಹೋಗುತ್ತದೆ. ಜುಲೈನ ಜಿಟಿಜಿಟಿ ಮಳೆಯಲ್ಲಿ, ಎಲ್ಲರೂ ಬಿಸಿ ಕಾಫಿ ಕೇಳುವಾಗ?

ತಗೋಬೇಡಿ ಅಂತ ಹೇಳುತ್ತಿಲ್ಲ. ತಗೊಳ್ಳುವ ಮೊದಲು ಸೇಲ್ಸ್ ಹುಡುಗನ ಹತ್ತಿರ ಇಷ್ಟು ಕೇಳಿ. ಯಂತ್ರ ಯಾವ ವರ್ಷದ್ದು? ದಿನಕ್ಕೆ ಎಷ್ಟು ಯೂನಿಟ್? ಒಳಗಿನ ದೀಪ ಎಲ್‌ಇಡಿಯೋ ಹಳೇ ಟ್ಯೂಬ್‌ಲೈಟೋ? ರಿಪೇರಿ, ಗ್ಯಾಸ್ ಖರ್ಚು ಯಾರದ್ದು? ಬೇರೆ ಅಂಗಡಿಯಿಂದ ವಾಪಸ್ ಬಂದ ಯಂತ್ರವನ್ನು ಒರೆಸಿ, ಹೊಸ ಸ್ಟಿಕ್ಕರ್ ಹೊಡೆದು ಕೊಡುವುದು ಸಾಮಾನ್ಯ. ಹೊರಗೆ ಹೊಸ ಬಣ್ಣ, ಒಳಗೆ ಸುಸ್ತಾದ ಕಂಪ್ರೆಸರ್. ಇನ್ನೊಂದು ಮಾತು: “ಬೇರೆ ಕಂಪನಿ ಬಾಟಲಿ ಇದರಲ್ಲಿ ಇಡಬಾರದು” ಎಂಬ ಷರತ್ತು ಇದ್ದರೆ ಅರ್ಧ ಖಾಲಿ ಕೂಲರನ್ನು ನಿಮ್ಮ ಕರೆಂಟಿನಲ್ಲಿ ತಣ್ಣಗಿಡುವ ಪಾಡು ನಿಮ್ಮದಾಗುತ್ತದೆ. ಸಹಿ ಹಾಕುವ ಮುಂಚೆ ಅಗ್ರಿಮೆಂಟ್ ಓದಿ. ಎರಡು ಕಂಪನಿಯವರು ಪೈಪೋಟಿಯಲ್ಲಿ ನಿಮ್ಮ ಅಂಗಡಿಗೆ ಬರುತ್ತಿದ್ದರೆ ಚೌಕಾಸಿಗೆ ಅದೇ ಸಮಯ. ಸ್ಕೀಮ್‌ನಲ್ಲಿ ಎರಡು ಕೇಸ್ ಜಾಸ್ತಿ ಕೊಡಿ ಅಂತ ಕೇಳುವ ಬದಲು ಹೊಸ ಮಾಡೆಲ್ ಕೂಲರ್ ಕೊಡಿ ಅಂತ ಕೇಳಿ.

ಲೇಬಲ್ ಪ್ರಕಾರ ದಿನಕ್ಕೆ ಎರಡು ಯೂನಿಟ್. ನಮ್ಮಲ್ಲಿ ಮೂರೂವರೆ ಓಡುತ್ತಿದೆ. ಲೇಬಲ್ ಸುಳ್ಳಾ?

ಬಹುಮಟ್ಟಿಗೆ ಅಲ್ಲ. ಲ್ಯಾಬ್ ಅಂದರೆ ಗೊತ್ತುಮಾಡಿದ ಉಷ್ಣಾಂಶದ ಕೋಣೆ, ಸುತ್ತಲೂ ಗಾಳಿಗೆ ಜಾಗ, ಹೊಸ ರಬ್ಬರ್, ಧೂಳಿಲ್ಲದ ಕಾಯಿಲ್. ನಿಮ್ಮ ಅಂಗಡಿ ಲ್ಯಾಬ್ ಅಲ್ಲ. ಬೆಂಗಳೂರು ತಂಪು ಊರು ಎಂಬ ಹೆಸರು ಇನ್ನೂ ಉಳಿದಿದೆಯಾದರೂ 2016ರ ಏಪ್ರಿಲ್ 24ರಂದು ಇಲ್ಲಿ 39.2 ಡಿಗ್ರಿ ದಾಖಲಾಗಿದೆ. ಅದೂ ಹವಾಮಾನ ಇಲಾಖೆಯ ನೆರಳಿನ ಅಳತೆ. ಷೀಟ್ ಮಾಡಿನ ಕೆಳಗೆ, ಪಶ್ಚಿಮದ ಬಿಸಿಲು ಬೀಳುವ ಅಂಗಡಿಯೊಳಗೆ ಎಷ್ಟಿರುತ್ತದೆ ಅಂತ ನಿಮಗೇ ಗೊತ್ತು.

ಒಂದು ಅಯ್ಯಂಗಾರ್ ಬೇಕರಿಯ ಒಳಗನ್ನು ನೆನಪಿಸಿಕೊಳ್ಳಿ. ಹಿಂದೆ ಓವನ್, ಪಕ್ಕದಲ್ಲಿ ಟೀ ಕುದಿಯುವ ಒಲೆ, ಒಲೆಗೂ ಗೋಡೆಗೂ ನಡುವಿನ ಸಂದಿಯಲ್ಲಿ ತಳ್ಳಿಟ್ಟ ಫ್ರಿಜ್. ಕೆಳಗಿನ ಜಾಲರಿ ಬಿಚ್ಚಿದರೆ ಕಂಡೆನ್ಸರ್ ಕಾಯಿಲ್ ಕಾಣುವುದೇ ಇಲ್ಲ. ಮೈದಾ ಪುಡಿ, ಎಣ್ಣೆ ಜಿಡ್ಡು, ರಸ್ತೆಯ ಧೂಳು ಸೇರಿ ಬೂದು ಬಣ್ಣದ ಕಂಬಳಿ ಹೊದಿಸಿದ ಹಾಗಿರುತ್ತದೆ. ಫ್ರಿಜ್ ಮಾಡುವುದು ಒಳಗಿನ ಬಿಸಿ ಎಳೆದು ಆ ಕಾಯಿಲ್ ಮೂಲಕ ಹೊರಗೆ ಹಾಕುವ ಕೆಲಸ. ಬಿಸಿ ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಕಂಪ್ರೆಸರ್ ನಿಲ್ಲದೆ ಓಡುತ್ತದೆ, ಓಡಿ ಓಡಿ ಒಂದು ದಿನ ಸುಡುತ್ತದೆ. ಮೆಕ್ಯಾನಿಕ್ ಬಂದು “ವೋಲ್ಟೇಜ್ ಪ್ರಾಬ್ಲಮ್” ಅಂತಾನೆ.

ಅಳೆದು ನೋಡಬೇಕೆಂದಿದ್ದರೆ ಪ್ಲಗ್ಗಿಗೂ ಸಾಕೆಟ್ಟಿಗೂ ನಡುವೆ ಹಾಕುವ ಪುಟ್ಟ ಯೂನಿಟ್ ಮೀಟರ್ ಸಿಗುತ್ತದೆ, ಎಸ್.ಪಿ. ರಸ್ತೆಯಲ್ಲಿ ವಿಚಾರಿಸಿ. 16 ಆಂಪಿಯರಿನದ್ದೇ ಕೇಳಿ. ಒಂದು ದಿನದ ಅಂಕಿ ನೋಡಿ ತೀರ್ಮಾನಕ್ಕೆ ಬರಬೇಡಿ. ವಾರ ಪೂರ್ತಿ ಬಿಟ್ಟು ಏಳರಿಂದ ಭಾಗಿಸಿ, ಶನಿವಾರ ಭಾನುವಾರದ ವ್ಯಾಪಾರವೂ ಅದರಲ್ಲಿ ಬರಲಿ.

ಹಾಗಾದರೆ ಏನು ಮಾಡಿದರೆ ಲೇಬಲ್ಲಿನ ಅಂಕಿಗೆ ಹತ್ತಿರ ಬರುತ್ತದೆ?

ಕಾಯಿಲ್ ಸ್ವಚ್ಛ ಮಾಡಿಸಿ. ಬೇಕರಿ, ಹೋಟೆಲ್ ಆದರೆ ತಿಂಗಳಿಗೊಮ್ಮೆ, ಉಳಿದವರು ಮೂರು ತಿಂಗಳಿಗೊಮ್ಮೆ. ಪ್ಲಗ್ ಕಿತ್ತು, ಮೆತ್ತನೆ ಬ್ರಷ್ಷಿನಲ್ಲಿ ರೆಕ್ಕೆಗಳ ಉದ್ದಕ್ಕೂ ಮೇಲಿಂದ ಕೆಳಗೆ ಒರೆಸಿದರೆ ಸಾಕು. ಅಡ್ಡಡ್ಡ ಉಜ್ಜಿದರೆ ರೆಕ್ಕೆ ಬಾಗುತ್ತವೆ. ಇದಕ್ಕೆ ಒಂದು ಕಾಸೂ ಖರ್ಚಿಲ್ಲ, ಆದರೂ ಮಾಡುವವರು ಕಮ್ಮಿ.

ಗೋಡೆಯಿಂದ ಅರ್ಧ ಅಡಿಯಾದರೂ ಆಚೆಗಿಡಿ. ಯಂತ್ರದ ಪುಸ್ತಕದಲ್ಲಿ ಅದಕ್ಕಿಂತ ಜಾಸ್ತಿ ಹೇಳಿದ್ದರೆ ಪುಸ್ತಕದ ಮಾತೇ ಕೇಳಿ. ಫ್ರೀಜರ್ ಪಕ್ಕದ ಜಾಲರಿಗೆ ಬಿಸ್ಕತ್ತಿನ ಡಬ್ಬ, ಖಾಲಿ ಕ್ರೇಟ್ ಒರಗಿಸಿಡುವ ಚಾಳಿ ಬಿಡಿಸಿ.

ಬಾಗಿಲ ರಬ್ಬರಿನ ಪರೀಕ್ಷೆಗೆ ಹತ್ತು ರೂಪಾಯಿಯ ನೋಟು ಸಾಕು. ನೋಟನ್ನು ಬಾಗಿಲ ಅಂಚಿಗಿಟ್ಟು ಮುಚ್ಚಿ, ಮೆಲ್ಲಗೆ ಎಳೆಯಿರಿ. ತಡೆದು ಬಂದರೆ ರಬ್ಬರ್ ಸರಿಯಿದೆ, ಜಾರಿಕೊಂಡು ಬಂದರೆ ಅಲ್ಲಿ ತಂಪು ಸೋರುತ್ತಿದೆ. ನಾಲ್ಕೂ ಕಡೆ ನೋಡಿ, ಬಹಳ ಸಲ ಸಡಿಲವಾಗುವುದು ಹಿಂಜಿನ ಕಡೆಯ ಕೆಳ ಮೂಲೆ. ರಬ್ಬರ್ ಬದಲಾಯಿಸುವ ಖರ್ಚು ಯಂತ್ರದ ಬೆಲೆಯ ಮುಂದೆ ಏನೂ ಅಲ್ಲ.

ಡೀಪ್ ಫ್ರೀಜರ್ ಒಳಗೆ ಗೋಡೆಗೆ ಅರ್ಧ ಸೆಂಟಿಮೀಟರಿಗಿಂತ ದಪ್ಪ ಹಿಮ ಕಟ್ಟಿದರೆ ಕರಗಿಸಿ. ಹಿಮ ಕಟ್ಟಿದಷ್ಟೂ ತಂಪು ಮಾಲಿಗೆ ತಲುಪುವುದು ತಡ. ಚಾಕುವಿನಿಂದ ಕೆತ್ತಬೇಡಿ. ಕೊಳವೆ ತೂತಾದರೆ ಗ್ಯಾಸೂ ಹೋಯಿತು, ಫ್ರೀಜರೂ ಹೋಯಿತು.

ಥರ್ಮೋಸ್ಟ್ಯಾಟ್ ಕೊನೆಯ ನಂಬರಿಗೆ ತಿರುಗಿಸಿದರೆ ಬೇಗ ತಣ್ಣಗಾಗುತ್ತದೆ ಎಂಬುದು ತಪ್ಪು ನಂಬಿಕೆ. ಬೇಗ ಆಗುವುದಿಲ್ಲ, ಬೇಡದಷ್ಟು ತಣ್ಣಗಾಗುತ್ತದೆ. ಫ್ರೋಜನ್ ಪದಾರ್ಥಕ್ಕೆ ಮೈನಸ್ 18 ಡಿಗ್ರಿ ಸಾಕು, ಮೈನಸ್ 25ರಲ್ಲಿ ಇಟ್ಟರೆ ಆ ಏಳು ಡಿಗ್ರಿಗೆ ಪ್ರತಿದಿನ ದುಡ್ಡು ತೆರುತ್ತೀರಿ. ಒಳಗೊಂದು ಥರ್ಮಾಮೀಟರ್ ಇಡಿ.

ರಾತ್ರಿ ಅಂಗಡಿ ಮುಚ್ಚುವಾಗ ಫ್ರಿಜ್ ಆಫ್ ಮಾಡಿದರೆ?

ಒಳಗೆ ಏನಿದೆ ಎಂಬುದರ ಮೇಲೆ ಹೋಗುತ್ತದೆ. ಬರೀ ಸೋಡಾ, ನೀರಿನ ಬಾಟಲಿ ಇರುವ ಕೂಲರನ್ನು ರಾತ್ರಿ ಹನ್ನೊಂದಕ್ಕೆ ಆಫ್ ಮಾಡಿ ಬೆಳಗ್ಗೆ ಐದಕ್ಕೆ ಆನ್ ಮಾಡುವ ಟೈಮರ್ ಹಾಕಬಹುದು, ನಷ್ಟವಿಲ್ಲ. ಹಾಲು, ಮೊಸರು, ಪನೀರ್, ಕ್ರೀಮ್ ಕೇಕ್, ಮಾಂಸ ಇದ್ದರೆ ಆ ಯೋಚನೆಯೇ ಬೇಡ. ಹಾಲು 5 ಡಿಗ್ರಿ ದಾಟಬಾರದು. ಐಸ್‌ಕ್ರೀಮ್ ಒಮ್ಮೆ ಕರಗಿ ಮತ್ತೆ ಗಟ್ಟಿಯಾದರೆ ಚಮಚಕ್ಕೆ ಹರಳು ಹರಳಾಗಿ ಸಿಗುತ್ತದೆ, ಗಿರಾಕಿ ಮತ್ತೆ ಬರುವುದಿಲ್ಲ. ದೀಪವನ್ನಂತೂ ರಾತ್ರಿ ಆರಿಸಿ. ಮುಚ್ಚಿದ ಷಟರ್ ಹಿಂದೆ ಬಾಟಲಿಗಳಿಗೆ ಬೆಳಕು ಯಾಕೆ? ಸೂಪರ್ ಮಾರ್ಕೆಟ್ಟಿನ ತೆರೆದ ರ‍್ಯಾಕುಗಳಿಗೆ ರಾತ್ರಿ ಇಳಿಬಿಡುವ ಪರದೆ ಇದ್ದರೆ ತಪ್ಪದೆ ಇಳಿಸಿ. ಇದ್ದೂ ಇಳಿಸದ ಅಂಗಡಿಗಳೇ ಜಾಸ್ತಿ.

ಮನೆಗೆ ಬಳಸುವ ಐದು ಸ್ಟಾರ್ ಫ್ರಿಜ್ಜನ್ನೇ ಅಂಗಡಿಯಲ್ಲಿ ಇಟ್ಟರೆ ಏನು ತಪ್ಪು?

ತಪ್ಪೇನಿಲ್ಲ, ಪ್ರಯೋಜನವೂ ಇಲ್ಲ. ಮನೆ ಫ್ರಿಜ್ಜಿನ ಬಾಗಿಲು ದಿನಕ್ಕೆ ಮೂವತ್ತೋ ನಲವತ್ತೋ ಸಲ ತೆಗೆಯಬಹುದು. ಜ್ಯೂಸ್ ಸೆಂಟರಿನಲ್ಲಿ ಸಂಜೆಯ ಒಂದೇ ಗಂಟೆಯಲ್ಲಿ ಅಷ್ಟು ಸಲ ತೆಗೆದಾಗಿರುತ್ತದೆ. ಅದರ ಕಂಪ್ರೆಸರ್ ಈ ಓಟಕ್ಕೆ ಮಾಡಿದ್ದಲ್ಲ. ವಾಣಿಜ್ಯ ಬಳಕೆಗೆ ವಾರಂಟಿ ಕೊಡುವುದಿಲ್ಲ ಎಂಬ ಸಾಲೂ ಎಷ್ಟೋ ವಾರಂಟಿ ಕಾರ್ಡಿನಲ್ಲಿ ಇರುತ್ತದೆ. ನಾಲ್ಕು ಪ್ಯಾಕೆಟ್ ಹಾಲು, ಎರಡು ಡಬ್ಬ ಬೆಣ್ಣೆ ಇಡುವ ಸಣ್ಣ ಟೀ ಅಂಗಡಿಗೆ ಪರವಾಗಿಲ್ಲ.

ಅಂಗಡಿ ಮನೆ ಮುಂದೆಯೇ ಇದೆ. ಫ್ರೀಜರ್ ವೈರನ್ನು ಮನೆ ಮೀಟರಿಗೆ ಕೊಟ್ಟರೆ ಗೃಹಜ್ಯೋತಿಯಲ್ಲಿ ಬರುವುದಿಲ್ಲವಾ?

ಬರುವುದಿಲ್ಲ, ಮಾಡಲೂಬಾರದು. 2023ರಲ್ಲಿ ಬಂದ ಗೃಹಜ್ಯೋತಿ ಗೃಹಬಳಕೆಗೆ ಮಾತ್ರ. ಮನೆ ಮೀಟರಿನಲ್ಲಿ ವ್ಯಾಪಾರ ನಡೆಸಿ ಸಿಕ್ಕಿಬಿದ್ದರೆ ಬೆಸ್ಕಾಂ ಹಿಂದಿನ ಬಳಕೆಗೂ ಸೇರಿಸಿ ದಂಡದ ಬಿಲ್ ಹಾಕುತ್ತದೆ. ಉಚಿತ ಮಿತಿ ತಿಂಗಳಿಗೆ ಗರಿಷ್ಠ 200 ಯೂನಿಟ್, ಅದೂ ನಿಮ್ಮ ಹಳೆಯ ಸರಾಸರಿಗಿಂತ ಸ್ವಲ್ಪ ಮಾತ್ರ ಜಾಸ್ತಿ. ಒಂದು ಡೀಪ್ ಫ್ರೀಜರ್ ಸೇರಿದ ಕೂಡಲೇ ಮಿತಿ ದಾಟಿ ಮನೆಯ ಸೌಲಭ್ಯಕ್ಕೇ ಕುತ್ತು ಬರಬಹುದು.

ಇದೇ ಜಾಗದಲ್ಲಿ ಇನ್ನೊಂದು ವಿಷಯ. ಅಂಗಡಿ ಮೀಟರಿಗೆ ಫಿಕ್ಸೆಡ್ ಚಾರ್ಜ್ ಬೀಳುವುದು ಮಂಜೂರಾದ ಲೋಡಿನ ಕಿಲೋವ್ಯಾಟ್ ಲೆಕ್ಕದಲ್ಲಿ. ಎರಡು ಫ್ರೀಜರ್, ಒಂದು ಕೂಲರ್, ಮಿಕ್ಸಿ, ಓವನ್ ಎಲ್ಲ ಒಟ್ಟಿಗೆ ಓಡಿ ಮಂಜೂರಾದ ಲೋಡ್ ದಾಟಿದರೆ ಬಿಲ್ಲಿನಲ್ಲಿ ಅದಕ್ಕೂ ಹೊರೆ ಬರುತ್ತದೆ. ಹೊಸ ಯಂತ್ರ ತರುವ ಮೊದಲು ಬಿಲ್ಲಿನ ಮೇಲ್ಭಾಗದಲ್ಲಿ ಬರೆದಿರುವ ಲೋಡ್ ಎಷ್ಟು ಅಂತ ನೋಡಿಕೊಳ್ಳಿ.

ಸೆಕೆಂಡ್ ಹ್ಯಾಂಡ್ ಫ್ರೀಜರ್ ಅರ್ಧ ಬೆಲೆಗೆ ಸಿಗುತ್ತಿದೆ.

ಮುಚ್ಚಿಹೋದ ಹೋಟೆಲುಗಳ ಸಾಮಾನು ಶಿವಾಜಿನಗರದ ಕಡೆ, ಆನ್‌ಲೈನಿನಲ್ಲಿ ಯಥೇಚ್ಛವಾಗಿ ಸಿಗುತ್ತದೆ. ಅದರ ಮೇಲೆ ಅಂಟಿರುವ ಸ್ಟಾರ್ ಲೇಬಲ್ಲಿಗೆ ಬೆಲೆ ಕೊಡಬೇಡಿ, ಅದು ಯಂತ್ರ ಹುಟ್ಟಿದ ದಿನದ ಜಾತಕ. ಪ್ಲಗ್ ಹಾಕಿಸಿ, ಖಾಲಿ ಫ್ರೀಜರ್ ಮೈನಸ್ 18ಕ್ಕೆ ಇಳಿಯುವವರೆಗೆ ಅಲ್ಲೇ ಕಾಯಿರಿ. ಇಳಿದ ಮೇಲೆ ಕಂಪ್ರೆಸರ್ ನಿಲ್ಲುತ್ತದಾ ನೋಡಿ. ನಿಲ್ಲದೇ ಓಡುತ್ತಲೇ ಇದ್ದರೆ ಅರ್ಧ ಬೆಲೆಯೂ ದುಬಾರಿ.

ನಿಮ್ಮ ಹಳೆಯದನ್ನು ತೆಗೆದುಹಾಕುವಾಗ ಗುಜರಿಯವರಿಗೆ ಕೊಟ್ಟರೆ ಅವರು ಕೊಳವೆ ಕತ್ತರಿಸಿ ಗ್ಯಾಸನ್ನು ಗಾಳಿಗೆ ಬಿಡುತ್ತಾರೆ. 2022ರ ಇ-ತ್ಯಾಜ್ಯ ನಿಯಮಗಳ ಪ್ರಕಾರ ಹಳೆ ಫ್ರಿಜ್ ಹೋಗಬೇಕಾದದ್ದು ನೋಂದಾಯಿತ ಮರುಬಳಕೆದಾರರಿಗೆ. ಹೊಸದು ಕೊಳ್ಳುವಾಗ ಎಕ್ಸ್‌ಚೇಂಜ್ ಕೇಳಿದರೆ ಈ ತಲೆನೋವು ಡೀಲರಿಗೆ ಹೋಗುತ್ತದೆ.

ಯಂತ್ರದ ಮೇಲೆ ಆರ್-290 ಅಂತ ಬರೆದಿದೆ. ಅದು ಉರಿಯುವ ಗ್ಯಾಸಂತೆ, ಭಯವಿಲ್ಲವಾ?

ಆರ್-290 ಅಂದರೆ ಪ್ರೊಪೇನ್. ಉರಿಯುತ್ತದೆ, ನಿಜ. ಆದರೆ ಸಣ್ಣ ಫ್ರೀಜರ್, ಕೂಲರಿನಲ್ಲಿ ಇರುವುದು ಗ್ರಾಂ ಲೆಕ್ಕದಲ್ಲಿ. ಬಹುಕಾಲ ಅಂತರರಾಷ್ಟ್ರೀಯ ಸುರಕ್ಷತಾ ಮಾನದಂಡದ ಮಿತಿ 150 ಗ್ರಾಂ ಇತ್ತು, 2019ರಲ್ಲಿ 500 ಗ್ರಾಂವರೆಗೆ ಏರಿಸಿದರು. ನಿಮ್ಮ ಟೀ ಒಲೆಗೆ ಜೋಡಿಸಿರುವ ವಾಣಿಜ್ಯ ಸಿಲಿಂಡರಿನಲ್ಲಿ ಇರುವುದು 19 ಕೆ.ಜಿ.

ಕಂಪನಿಗಳು ಇದಕ್ಕೆ ತಿರುಗಲು ಎರಡು ಕಾರಣ. ಇದು ಒಳ್ಳೆ ತಂಪುಕಾರಕ, ಯೂನಿಟ್ ಕಮ್ಮಿ ಮಾಡಲು ನೆರವಾಗುತ್ತದೆ. ಜೊತೆಗೆ ಹಳೆಯ ಆರ್-404ಎ ಗ್ಯಾಸ್ ಗಾಳಿಗೆ ಸೇರಿದರೆ ಭೂಮಿಯನ್ನು ಬಿಸಿ ಮಾಡುವ ಶಕ್ತಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 3,900 ಪಟ್ಟು, ಆರ್-134ಎ ಸುಮಾರು 1,400 ಪಟ್ಟು. ಪ್ರೊಪೇನಿನದು ನಗಣ್ಯ. ಇಂಥ ಗ್ಯಾಸುಗಳನ್ನು ಕಮ್ಮಿ ಮಾಡುವ ಅಂತರರಾಷ್ಟ್ರೀಯ ಒಪ್ಪಂದವಾದ ಕಿಗಾಲಿ ತಿದ್ದುಪಡಿಗೆ ಭಾರತ 2021ರಲ್ಲಿ ಒಪ್ಪಿದೆ, 2032ರಿಂದ ಈ ಹಳೆ ಗ್ಯಾಸುಗಳ ಬಳಕೆ ಹಂತಹಂತವಾಗಿ ಇಳಿಯಬೇಕು. ಇಂದು 404ಎ ಯಂತ್ರ ಕೊಂಡರೆ ಅದರ ಕೊನೆಗಾಲದಲ್ಲಿ ಗ್ಯಾಸ್ ತುಂಬಿಸುವುದು ದುಬಾರಿಯಾಗಬಹುದು.

ಭಯ ಪಡಬೇಕಾದದ್ದು ಮೆಕ್ಯಾನಿಕ್ ವಿಷಯದಲ್ಲಿ. ಆರ್-290 ಯಂತ್ರದ ಕೊಳವೆಗೆ, ಒಳಗೆ ಗ್ಯಾಸ್ ಇರುವಾಗಲೇ ಬ್ರೇಜಿಂಗ್ ಟಾರ್ಚ್ (ಬೆಸುಗೆಯ ಬೆಂಕಿ) ಹಿಡಿಯುವ ಅರೆಬೆಂದ ಮೆಕ್ಯಾನಿಕ್‌ಗಳು ಇದ್ದಾರೆ. ಕಂಪನಿಯ ಸರ್ವಿಸ್‌ನವರನ್ನೇ ಕರೆಸಿ. “ಅದರ ಬದಲು ಬೇರೆ ಗ್ಯಾಸ್ ಹಾಕ್ತೀನಿ ಬಿಡಿ ಅಣ್ಣ” ಅಂದರೆ ಬಾಗಿಲಿನಿಂದಲೇ ವಾಪಸ್ ಕಳಿಸಿ.

ಇಂಪೋರ್ಟೆಡ್ ಡಿಸ್‌ಪ್ಲೇ ಮೇಲೆ ಎ-ಯಿಂದ ಜಿ-ವರೆಗೆ ಬಣ್ಣದ ಪಟ್ಟಿ ಇದೆ. ಅದರಲ್ಲಿ ಡಿ ಇದೆ. ಕೆಟ್ಟದ್ದಾ?

ಅದು ಯುರೋಪಿನ ಲೇಬಲ್. ಅಲ್ಲಿ ಪಾನೀಯದ ಕೂಲರ್, ಐಸ್‌ಕ್ರೀಮ್ ಫ್ರೀಜರ್, ಸೂಪರ್ ಮಾರ್ಕೆಟ್ ರ‍್ಯಾಕುಗಳಿಗೆಲ್ಲ 2021ರ ಮಾರ್ಚ್ 1ರಿಂದ ಇದು ಕಡ್ಡಾಯ. ಹೋಟೆಲ್ ಅಡುಗೆಮನೆಯ ಕಪಾಟು ಫ್ರಿಜ್‌ಗಳಿಗೆ 2016ರಿಂದಲೇ ಲೇಬಲ್ ಇದೆ. ಹೊಸ ಪಟ್ಟಿ ತರುವಾಗ ಮೇಲಿನ ಎ ದರ್ಜೆ ಮೊದಲಿಗೆ ಖಾಲಿ ಇರಬೇಕು, ಕಂಪನಿಗಳು ಹತ್ತಿ ಬರಲಿ ಎಂಬುದು ಅವರ ಕಾನೂನು. ಹಾಗಾಗಿ ಡಿ ಅಂದರೆ ನಪಾಸು ಎಂದಲ್ಲ. ಬಿಇಇ ನಕ್ಷತ್ರಕ್ಕೂ ಅದಕ್ಕೂ ತಾಳೆ ಹಾಕಲು ಹೋಗಬೇಡಿ. ಅಲ್ಲಿಯೂ ವರ್ಷದ ಯೂನಿಟ್ ಬರೆದಿರುತ್ತದೆ, ಅದನ್ನು ನೋಡಿ.

ಒಂದು ಎಚ್ಚರಿಕೆ ಮಾತ್ರ ಬೇಕು. ಅಲ್ಲಿಯ ಸೂಪರ್ ಮಾರ್ಕೆಟ್ ರ‍್ಯಾಕುಗಳ ಪರೀಕ್ಷೆ 25 ಡಿಗ್ರಿ, ಶೇಕಡಾ 60 ತೇವಾಂಶದಲ್ಲಿ. ಎಸಿ ಹಾಕಿದ ಮಾಲ್‌ಗೆ ಅದು ಸರಿ. ಎಸಿ ಇಲ್ಲದ ಅಂಗಡಿಗೆ ತರುವಾಗ ನೇಮ್‌ಪ್ಲೇಟಿನಲ್ಲಿ ಹವಾಮಾನ ದರ್ಜೆ ಕೇಳಿ: 3 ಅಂದರೆ ಆ 25 ಡಿಗ್ರಿ, 4 ಅಂದರೆ 30 ಡಿಗ್ರಿ, 5 ಅಂದರೆ 40 ಡಿಗ್ರಿ. ದರ್ಜೆ 3ರ ಯಂತ್ರವನ್ನು ಏಪ್ರಿಲ್ ಮಧ್ಯಾಹ್ನ ಗಾಂಧಿನಗರದ ಬೀದಿಗೆ ಮುಖಮಾಡಿ ಇಟ್ಟರೆ ಒಳಗಿನ ಕೇಕ್ ಬೆವರುತ್ತದೆ. ಇನ್ನು ಎಸಿ ಇರುವ ಅಂಗಡಿಯಾದರೆ, ಫ್ರಿಜ್ ಹೊರಹಾಕುವ ಬಿಸಿಯನ್ನು ಎಸಿ ಮತ್ತೆ ಹೊರಗೆ ತಳ್ಳಬೇಕು. ಅಂದರೆ ಫ್ರಿಜ್‌ನಲ್ಲಿ ಉಳಿಸಿದ ಪ್ರತಿ ಯೂನಿಟ್ಟಿಗೆ ಎಸಿಯಲ್ಲೂ ಸ್ವಲ್ಪ ಉಳಿಯಿತು.

ಇನ್ವರ್ಟರ್ ಕಂಪ್ರೆಸರ್ ಬೇಕಾ? ಸ್ಟೆಬಿಲೈಜರ್?

ದಿನವಿಡೀ ಬಾಗಿಲು ತೆಗೆದು ಮುಚ್ಚುವ ಯಂತ್ರಕ್ಕೆ ಇನ್ವರ್ಟರ್ ಒಳ್ಳೆಯದು, ಬೇಕಾದಷ್ಟೇ ವೇಗದಲ್ಲಿ ಓಡುತ್ತದೆ. ಅದರ ಉಳಿತಾಯ ಲೇಬಲ್ಲಿನ ಯೂನಿಟ್ಟಿನಲ್ಲಿ ಆಗಲೇ ಸೇರಿರುತ್ತದೆ, ಎರಡು ಸಲ ಎಣಿಸಬೇಡಿ. ಸ್ಟೆಬಿಲೈಜರ್ ಕರೆಂಟ್ ಉಳಿಸುವುದಿಲ್ಲ, ಯಂತ್ರ ಉಳಿಸುತ್ತದೆ. ನಿಮ್ಮ ಏರಿಯಾದಲ್ಲಿ ಸಂಜೆ ವೋಲ್ಟೇಜ್ ಬಿದ್ದು ದೀಪ ಮಂಕಾಗುತ್ತಿದ್ದರೆ ಹಾಕಿ, ಇಲ್ಲದಿದ್ದರೆ ಯಂತ್ರದ ಮೇಲೆ ಬರೆದಿರುವ ವೋಲ್ಟೇಜ್ ವ್ಯಾಪ್ತಿ ನೋಡಿ ತೀರ್ಮಾನಿಸಿ.

ಕೋಲ್ಡ್ ರೂಮ್ ಕಟ್ಟಿಸುತ್ತಿದ್ದೇವೆ. ಅದಕ್ಕೆ ಸ್ಟಾರ್ ಇಲ್ಲ. ಹೇಗೆ ಆರಿಸುವುದು?

ಕೋಲ್ಡ್ ರೂಮ್ ಅಂಗಡಿಯಲ್ಲಿ ಸಿಗುವ ಸಿದ್ಧ ಪೆಟ್ಟಿಗೆ ಅಲ್ಲ, ಜಾಗದಲ್ಲೇ ಜೋಡಿಸುವಂಥದ್ದು. ಹೂವಿನ ಮಂಡಿಯವರು, ಹಣ್ಣಿನ ಸಗಟು ವ್ಯಾಪಾರಿಗಳು, ಕೇಟರಿಂಗ್‌ನವರು ಕೇಳುವುದು ಕಂಪ್ರೆಸರ್ ಎಷ್ಟು ಟನ್ ಎಂದು. ಮೊದಲು ಕೇಳಬೇಕಾದ್ದು ಪಫ್ ಪ್ಯಾನೆಲ್ ಎಷ್ಟು ಮಿಲಿಮೀಟರ್ ದಪ್ಪ, ನೆಲಕ್ಕೂ ಇನ್ಸುಲೇಷನ್ ಇದೆಯಾ ಎಂದು. ಗೋಡೆಗೆ ಹಾಕಿ ನೆಲಕ್ಕೆ ಬಿಟ್ಟರೆ ಬಿಸಿ ಕೆಳಗಿನಿಂದ ಏರುತ್ತದೆ. ಬಾಗಿಲಿಗೆ ಪ್ಲಾಸ್ಟಿಕ್ ಪಟ್ಟಿಯ ಪರದೆ ಹಾಕಿಸಿ, ಹಾಕಿಸಿದ ಮೇಲೆ ಕೂಲಿಯವರು ಅದನ್ನು ಗಂಟು ಕಟ್ಟಿ ಮೇಲೆತ್ತದಂತೆ ನೋಡಿಕೊಳ್ಳಿ. ಒಳಗಿನ ಫ್ಯಾನ್ ಮೋಟಾರ್ ಇಸಿ ಮಾದರಿಯದ್ದಾದರೆ, ಅಂದರೆ ಎಲೆಕ್ಟ್ರಾನಿಕ್ ನಿಯಂತ್ರಣದ್ದಾದರೆ, ಎರಡು ಕಡೆ ಲಾಭ. ಫ್ಯಾನ್ ತಿನ್ನುವ ಕರೆಂಟ್ ಕಮ್ಮಿ, ಅದು ಒಳಗೆ ಬಿಡುವ ಬಿಸಿಯೂ ಕಮ್ಮಿ. ಕೊಟೇಷನ್‌ನಲ್ಲಿ ದಿನಕ್ಕೆ ಅಂದಾಜು ಯೂನಿಟ್ ಬರೆದುಕೊಡಿ ಅಂತ ಹಠ ಹಿಡಿಯಿರಿ.

ಲೇಬಲ್ ನಕಲಿ ಅನ್ನಿಸಿದರೆ?

ಬಿಇಇಯ ಜಾಲತಾಣದಲ್ಲಿ, ಅವರ ಸ್ಟಾರ್ ಲೇಬಲ್ ಮೊಬೈಲ್ ಆ್ಯಪ್‌ನಲ್ಲಿ ಕಂಪನಿ, ಮಾಡೆಲ್ ನಂಬರ್ ಹಾಕಿ ಹುಡುಕಿ. ಅಲ್ಲಿನ ಯೂನಿಟ್ ಅಂಕಿಯೂ ಸ್ಟಿಕ್ಕರಿನ ಅಂಕಿಯೂ ಒಂದೇ ಇರಬೇಕು. ಮಾಡೆಲ್ ನಂಬರನ್ನು ಬ್ರೋಷರ್ ನೋಡಿ ಹಾಕಬೇಡಿ, ಹಿಂಭಾಗದ ನೇಮ್‌ಪ್ಲೇಟ್ ನೋಡಿ ಹಾಕಿ, ಕೊನೆಯ ಒಂದಕ್ಷರ ಬದಲಾದರೂ ಬೇರೆ ಯಂತ್ರವೇ. ಹೊಂದದಿದ್ದರೆ ಫೋಟೋ, ಬಿಲ್ ಸಮೇತ ಬಿಇಇಗೆ ದೂರು ಕೊಡಬಹುದು. ಕರ್ನಾಟಕದಲ್ಲಿ ಇಂಧನ ಸಂರಕ್ಷಣಾ ಕಾಯ್ದೆಯ ಕೆಲಸಕ್ಕೆ ನೇಮಕವಾದ ರಾಜ್ಯ ಸಂಸ್ಥೆ ಬೆಂಗಳೂರಿನಲ್ಲೇ ಇರುವ ಕ್ರೆಡಲ್, ಅಂದರೆ ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಗಮ. ಕಾಯ್ದೆಯಲ್ಲಿ 10 ಲಕ್ಷ ರೂಪಾಯಿವರೆಗೆ ದಂಡಕ್ಕೆ ಅವಕಾಶವಿದೆ. ನಿಮ್ಮ ದುಡ್ಡು ವಾಪಸ್ ಬೇಕಿದ್ದರೆ ಅದು ಬೇರೆ ದಾರಿ, ಗ್ರಾಹಕರ ಆಯೋಗಕ್ಕೆ ಹೋಗಬೇಕು. ಹೊಟ್ಟೆಪಾಡಿಗೆ ಸ್ವಂತ ಅಂಗಡಿ ನಡೆಸುವವರನ್ನು ಗ್ರಾಹಕ ಕಾಯ್ದೆ ಗ್ರಾಹಕರೆಂದೇ ಪರಿಗಣಿಸುತ್ತದೆ. ಜಿಎಸ್‌ಟಿ ಬಿಲ್ ಇಲ್ಲದೆ ಕೊಂಡಿದ್ದರೆ ಮಾತ್ರ ಎರಡೂ ಕಡೆ ಕಷ್ಟ.

ಸ್ಟಿಕ್ಕರ್ ಅಂಗಡಿಯ ಅಂದ ಕೆಡಿಸುತ್ತದೆ, ಕಿತ್ತುಹಾಕಬಹುದಾ?

ನಿಮ್ಮದಾದ ಮೇಲೆ ಕೀಳಬಹುದು. ಅದಕ್ಕೆ ಮುಂಚೆ ಮೊಬೈಲಿನಲ್ಲಿ ಒಂದು ಫೋಟೋ ತೆಗೆದು, ಬಿಲ್ಲಿನ ಫೋಟೋ ಜೊತೆ ಇಟ್ಟುಕೊಳ್ಳಿ.